ಬಡುವಿನ ನಾಲ್ಕು ಸ್ವಂತ ಚಕ್ರಗಳು

ಶುಕ್ರವಾರ ಬೆಳಿಗ್ಗೆ ಅತ್ತೆಯ ಫೋನು ಬಂದಾಗ ದರ್ಜಿ ಬಡು ತನ್ನ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಟೈರಿಗೆ ಬೈಯುತ್ತಿದ್ದ. ಮುಂದಿನ ಎಡಗಡೆಯ ಟೈರು ಎಂದಿನಂತೆ ಬೆಳಗಾಗುವುದರೊಳಗೆ ಗಾಳಿ ಬಿಟ್ಟುಕೊಂಡು, ಹೊಟ್ಟೆ ಬಿರಿಯ ಉಂಡು ಮಲಗಿದ ಹಂದಿಯ ಹಾಗೆ ನೆಲಕ್ಕೆ ಅಂಟಿತ್ತು.

“ಅಳಿಯಂದ್ರೇ, ನಾಳೆ ನಮ್ಮಣ್ಣನ ಮಣ್ಣು. ನೆನಪಿದೆ ತಾನೆ? ಅಳಿಯನ ಕಾರಲ್ಲೇ ಬಂದಿಳೀತೀನಿ ಅಂತ ಊರಿಗೆಲ್ಲ ಸಾರಿಬಿಟ್ಟಿದ್ದೀನಿ. ಹೋದ ಸಲದ ಥರ ಜನ ತುಂಬೋ ಟ್ರೋಟ್ರೋ ವ್ಯಾನಲ್ಲಿ ಮೇಕೆ ಪಕ್ಕ ಕೂರಿಸಿದ್ರೋ, ಸತ್ತೋನ ಜೊತೆ ನನ್ನನ್ನೂ ಮಣ್ಣು ಮಾಡಿ ಹೋಗಿ.”

“ಇಲ್ಲ ಅತ್ತೆ, ಕಾರು ರೆಡಿ ಇದೆ,” ಅಂದ ಬಡು, ಮಲಗಿದ್ದ ಟೈರನ್ನು ನೋಡಿಕೊಂಡೇ.

ರೆಡಿ ಎಲ್ಲಿಂದ ಬಂತು? ಗಾಜಿನ ಮೇಲಿನ ಫಿಟ್‌ನೆಸ್ ಸ್ಟಿಕರಿನ ಅವಧಿ ಹೋದ ತಿಂಗಳೇ ಮುಗಿದಿತ್ತು. ಕುಮಾಸಿ ಪಟ್ಟಣ ದಾಟಿ ಅತ್ತೆಯ ಊರಿನ ದಾರಿ ಹಿಡಿದರೆ ಮೂರು ಕಡೆ ಪೊಲೀಸರ ತಡೆ. ಶನಿವಾರ ಬಂತೆಂದರೆ ಊರಿಗೆ ಊರೇ ಕಪ್ಪು ಬಟ್ಟೆ ಉಟ್ಟು ಮಣ್ಣಿಗೆ ಹೊರಡುತ್ತದೆ, ಆ ಪೊಲೀಸರಿಗೆ ಅದೇ ಸುಗ್ಗಿ. ಸ್ಟಿಕರ್ ಬೇಕೆಂದರೆ ತಪಾಸಣೆಯಲ್ಲಿ ಪಾಸಾಗಬೇಕು. ಪಾಸಾಗಬೇಕೆಂದರೆ ಟೈರಿನಲ್ಲಿ ಗ್ರಿಪ್ ಇರಬೇಕು. ಬಡುವಿನ ಟೈರುಗಳೋ, ಚರ್ಚಿನ ಮೊದಲ ಸಾಲಿನ ಮುದುಕರ ತಲೆಗಳಂತೆ ನಾಲ್ಕೂ ನುಣ್ಣಗಿದ್ದವು. ರಿಮ್ಮುಗಳು ರಸ್ತೆಗುಂಡಿಗೆ ಬಿದ್ದು ಸೊಟ್ಟಗಾಗಿ, ಸುತ್ತಿಗೆ ಏಟು ತಿಂದು ನೆಟ್ಟಗಾಗಿ, ಮತ್ತೆ ಸೊಟ್ಟಗಾಗಿ, ಹಳೇ ಅಲ್ಯುಮಿನಿಯಂ ತಟ್ಟೆಗಳ ಹಾಗಾಗಿದ್ದವು. ಗಾಳಿ ನಿಲ್ಲುವುದಾದರೂ ಹೇಗೆ?

ಕಾರಾದರೂ ಯಾರದು? ಬಡು ಅದರ ಏಳನೇ ಮಾಲೀಕ. ಹಿಂದಿನ ಗಾಜಿನ ಮೇಲೆ ‘ತಾಳ್ಮೆ’ ಎಂದು ದಪ್ಪಕ್ಷರದಲ್ಲಿ ಬರೆಸಿದವನು ಮೂರನೇ ಮಾಲೀಕ. ಬೇರೆಯವರ ತಾಳ್ಮೆಯನ್ನು ಹೊತ್ತು ತಿರುಗುವುದು ಬಡುವಿನ ಹಣೆಬರಹ.

ಹಣೆಬರಹ ಅಂದೆನಲ್ಲ, ಅದು ಹುಟ್ಟಿದಾಗಲೇ ಶುರು. ಹತ್ತನೆಯವನಾಗಿ ಹುಟ್ಟಿದ್ದಕ್ಕೇ ಅವನಿಗೆ ಬಡು, ಅಂದರೆ ಹತ್ತನೆಯವನು, ಎಂದು ಹೆಸರಿಟ್ಟಿದ್ದು. ಅವನ ಮೈಗೆ ಬಂದ ಚಡ್ಡಿಗಳೆಲ್ಲ ಒಂಬತ್ತು ಕುಂಡಿ ಕಂಡು ಬಂದವು. ಶಾಲೆಯ ಚೀಲ, ಸ್ಲೇಟು, ಚಪ್ಪಲಿ, ಕೊನೆಗೆ ಸೀತಾಳೆ ಸಿಡುಬಿನ ಕಲೆ ಕೂಡ ಅಣ್ಣಂದಿರಿಂದಲೇ ಬಂತು. ಆ ಚಡ್ಡಿಗಳನ್ನು ತನ್ನ ಅಳತೆಗೆ ಹಿಡಿದು ಹೊಲಿಯುತ್ತಾ ಹೊಲಿಯುತ್ತಾ ದರ್ಜಿಯಾದ. ಈಗ ಊರಿನ ಮಕ್ಕಳಿಗೆಲ್ಲ ಹೊಸ ಯೂನಿಫಾರಂ ಹೊಲಿಯುತ್ತಾನೆ. ತಾನು ಮಾತ್ರ ನಲವತ್ತೆರಡನೇ ವಯಸ್ಸಿನಲ್ಲೂ ಇನ್ನೊಬ್ಬರು ಬಿಟ್ಟ ಕಾರು ಓಡಿಸುತ್ತಾನೆ. ಇದು ನ್ಯಾಯವಾ, ಹೇಳಿ!

“ಏನಯ್ಯಾ ದರ್ಜಿ, ಟೈರಿಗೆ ಹೊಲಿಗೆ ಹಾಕ್ತಿದ್ದೀಯಾ?” ಗೇಟಿನ ಹತ್ತಿರ ಬಿಸಿ ಕೆಂಕಿ ಕಡುಬಿನ ಪಾತ್ರೆ ಇಟ್ಟುಕೊಂಡು ಕೂತಿದ್ದ ಕೊನಾಡಕ್ಕ ಕೇಳಿದಳು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಹಳಸಿತು ಎಂಬುದು ಅವಳಿಗೆ ಆ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿತ್ತು.

“ಹೊಸದು ತರಬೇಕು ಅಕ್ಕ. ಇವತ್ತೇ ಸ್ಟಿಕರ್ ಹಾಕಿಸ್ಬೇಕು.”

“ಕೊಂಡು ಯಾಕೆ ಕೆಡ್ತೀಯಾ? ಬಾಡಿಗೆಗೆ ತಗೋ. ಟೈರ್ ಪೊಕು ಗಂಟೆ ಲೆಕ್ಕದಲ್ಲಿ ಕೊಡ್ತಾನಲ್ಲ. ಹಾಕ್ಕೊಂಡು ಹೋಗು, ಪಾಸ್ ಮಾಡಿಸು, ಬಿಚ್ಚಿ ವಾಪಸ್ ಕೊಡು. ಮದುವೆ ಕೋಟಿದ್ದ ಹಾಗೆ. ಊರೆಲ್ಲಾ ಮಾಡೋದು ಅದೇ.”

“ಛೆ ಛೆ ಛೆ!” ಪಕ್ಕದ ಮನೆಯ ಯಜಮಾನ ಅಸಿಯಾಮ ಹಲ್ಲುಜ್ಜುವ ಕಡ್ಡಿಯನ್ನು ಬಾಯಿಂದ ತೆಗೆದರು. ಚರ್ಚಿನ ಹಿರಿಯರು. ಬಡುವಿನ ಕಾರಿನ ಜೋಡಿಯಂಥದ್ದೇ ಒಂದು ಪುಟ್ಟ ಕಾರು ಅವರ ಅಂಗಳದಲ್ಲೂ ತಾಡಪಾಲು ಹೊದ್ದು ನಿಂತಿತ್ತು. “ಬಡು, ಮಗನೇ, ಪಾಪಿಗಳ ಮಾತು ಕೇಳಬೇಡ. ಸರ್ಕಾರದ ಕಣ್ಣಿಗೆ ಮಣ್ಣೆರಚಬಹುದು, ಮೇಲಿರೋನ ಕಣ್ಣಿಗೆ ಆಗುತ್ತಾ? ಕಷ್ಟ ಆದ್ರೂ ಸ್ವಂತದ್ದೇ ಕೊಂಡ್ಕೋ.”

“ಹೌದಪ್ಪಾ, ದುಡ್ಡು ಇವರು ಕೊಡ್ತಾರೆ,” ಅಂದಳು ಕೊನಾಡಕ್ಕ ಕಡುಬು ತಿರುವುತ್ತಾ.

“ಬಾಡಿಗೆ ಮಾತೇ ಎತ್ತಬೇಡ ಅಕ್ಕ!” ಬಡುವಿನ ಮೂಗಿನ ಹೊಳ್ಳೆ ಅರಳಿತು. “ಹುಟ್ಟಿದಾಗಿಂದ ಇನ್ನೊಬ್ಬರದ್ದು ಹಾಕ್ಕೊಂಡು ಸಾಕಾಗಿದೆ. ಈ ಸಲ ಕೊಂಡ್ರೆ ನನ್ನದು. ನನ್ನ ದುಡ್ಡು, ನನ್ನ ಟೈರು. ಇನ್ನೊಬ್ಬ ಮುಟ್ಟಂಗಿಲ್ಲ!”

ಹೆಂಡತಿ ಸೆರ್ವಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಣ್ಣಿಗೆ ಉಡಲು ಹೊಸ ಕಪ್ಪು ಬಟ್ಟೆ ತರುವ ಹಣ ಅವಳ ಕೈಯಲ್ಲಿತ್ತು. ಅದನ್ನು ಗಂಡನ ಅಂಗೈಯಲ್ಲಿಟ್ಟು, “ಹಳೇ ಬಟ್ಟೇನೇ ಇಸ್ತ್ರಿ ಮಾಡ್ಕೋತೀನಿ. ಅಮ್ಮನ ಮಾನ ಮಾತ್ರ ಉಳ್ಸಿ,” ಅಂದಳು. ಅಲ್ಲಿಗೆ ಬಡುವಿಗೆ ವಾಪಸ್ ಬರುವ ದಾರಿಯೇ ಇಲ್ಲವಾಯಿತು.

ಗ್ಯಾರೇಜುಗಳ ಬಡಾವಣೆಯ ನಡುವೆ ಪೊಕುವಿನ ಅಂಗಡಿ. ಬೋರ್ಡಿನ ಮೇಲೆ ‘ದೇವರು ನೋಡುತ್ತಿದ್ದಾನೆ – ಟೈರ್ ಮತ್ತು ರಿಮ್’ ಎಂದು ಬರೆದಿತ್ತು. ದೇವರು ನೋಡುತ್ತಿದ್ದನೋ ಏನೋ, ಪೊಕು ಮಾತ್ರ ಬಡುವಿನ ಜೇಬನ್ನು ನೋಡಿದ.

“ಬನ್ನಿ ಬಡಣ್ಣ. ಯಾವ ಅಳತೆ? ಹದಿಮೂರು ಇಂಚಾ? ಇದು ತಗೊಳ್ಳಿ, ಹೊಚ್ಚ ಹೊಸದು.”

ಬಡು ಹೆಬ್ಬೆರಳು, ತೋರುಬೆರಳಿನ ನಡುವೆ ಟೈರಿನ ಅಂಚನ್ನು ಹಿಡಿದು ತಿಕ್ಕಿದ. ಬಟ್ಟೆಯನ್ನು ಹಿಂಗೆ ತಿಕ್ಕಿಯೇ ಅದರ ಜಾತಕ ಹೇಳುವವನು ಅವನು. “ಇದೇನು ಇಷ್ಟು ತೆಳು? ಒಳಲಂಗದ ಬಟ್ಟೆ ಥರ ಇದೆ.”

“ಅಗ್ಗದ್ದು ಅಂದ್ರೆ ಹಂಗೇ. ಹಾಗಾದ್ರೆ ಇದು ನೋಡಿ. ಜರ್ಮನಿಯಲ್ಲಿ ಒಬ್ಬರು ಅಜ್ಜಿ ಓಡಿಸಿ ಬಿಟ್ಟಿದ್ದು. ಭಾನುವಾರ ಮಾತ್ರ ಓಡಿಸ್ತಿದ್ರು.”

ಬಡು ಬಗ್ಗಿ ಟೈರಿನ ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕಿ ಓದಿದ. ಕೊನೆಯ ಎರಡು ತಯಾರಾದ ಇಸವಿ ಎಂಬುದು ಅವನಿಗೆ ಗೊತ್ತಿತ್ತು. “ಪೊಕು, ಇದು ಹದಿನಾರು ವರ್ಷದ್ದು! ಅಜ್ಜಿ ಇದ್ದಾಳೋ ಹೋದಳೋ! ಮಧ್ಯ ಬಿರುಕು ನೋಡು, ಬೆರಳೇ ತೂರುತ್ತೆ. ನಿನ್ನ ಅಂಗಡಿಯಲ್ಲಿ ಮನುಷ್ಯರು ಕೊಳ್ಳೋ ಅಂಥದ್ದು ಒಂದೂ ಇಲ್ವಾ? ಬಡವನ ಕಾರು ಅಂದ್ರೆ ಕಸದ ಗುಂಡಿ ಅಂದ್ಕೊಂಡಿದ್ದೀಯಾ?”

ಹಾಗೆ ಕೂಗಾಡುತ್ತಾ ತಿರುಗಿದವನ ಕಣ್ಣಿಗೆ ಬಿತ್ತು ಆ ಮೂಲೆ. ಬೆಂಚಿನ ಮೇಲೆ, ಶುಭ್ರವಾದ ಬಟ್ಟೆಯ ಅರ್ಧ ಮುಸುಕಿನೊಳಗೆ, ನಾಲ್ಕು ಚಕ್ರಗಳು. ಬೆಳ್ಳಿಯಂತೆ ಹೊಳೆಯುವ ಅಲಾಯ್ ರಿಮ್ಮು. ಅದರ ಮೇಲೆ ಕಪ್ಪಗೆ ಕೊಬ್ಬಿದ ಟೈರು, ಉಗುರು ಮುಳುಗುವಷ್ಟು ಆಳದ ಗ್ರಿಪ್ಪು.

“ಅದು?”

“ಅದು ಮಾರೋಕಲ್ಲ ಬಡಣ್ಣ.”

“ಯಾಕೆ ಮಾರೋಕಲ್ಲ? ನಾನು ದರ್ಜಿ ಅಂತಲಾ? ದೊಡ್ಡ ಕಾರಿನೋರಿಗೆ ಎತ್ತಿಟ್ಟಿದ್ದೀಯಾ?”

“ಹಾಗಲ್ಲಣ್ಣ. ಅದರ ಅನ್ನ ತಿಂದಿದ್ದೀನಿ.” ಪೊಕು ಬಟ್ಟೆ ಸರಿಸಿ ಒಂದು ಟೈರಿನ ತಲೆ ಸವರಿದ. “ಮೂರು ವರ್ಷದಿಂದ ನನ್ನ ಹತ್ರ ಇದೆ. ನೂರು ಮೈಲಿ ಓಡಿದ್ರೆ ಹೆಚ್ಚು. ಒಂದು ಗುಂಡಿ ಕಂಡಿಲ್ಲ. ಒಳ್ಳೊಳ್ಳೆ ಜನರ ಕೈಯಲ್ಲಿದ್ದದ್ದು. ತಪಾಸಣೆಯಲ್ಲಿ ಇವತ್ತಿನವರೆಗೆ ಒಂದು ಸಲಾನೂ ಫೇಲ್ ಆಗಿಲ್ಲ. ಸುಳ್ಳು ಹೇಳಿದ್ರೆ ಬೋರ್ಡ್ ಮೇಲಿರೋನು ನೋಡ್ಕೊಳ್ಳಲಿ.”

ಬಡು ಬೆರಳಾಡಿಸಿದ. ರಬ್ಬರು ಗಟ್ಟಿ. ಇಸವಿಯೂ ಈಚಿನದು. ನಟ್ಟು ಕೂರುವ ತೂತುಗಳ ಸುತ್ತ ಮಾತ್ರ ಬಣ್ಣ ಹೋಗಿ ಲೋಹ ಸವೆದಿತ್ತು. “ಇದೇನು?”

“ಬಿಚ್ಚಿ ಬಿಚ್ಚಿ ತೊಳೆದಿರೋದು ಅಣ್ಣ. ಅಷ್ಟು ಅಕ್ಕರೆ.”

ಅಕ್ಕರೆ ಎಂಬ ಮಾತು ಬಡುವಿನ ಎದೆಗೆ ನಾಟಿತು. ಮುಕ್ಕಾಲು ಗಂಟೆ ಬೈದಾಡಿ, ಎರಡು ಸಲ ಎದ್ದು ಹೋಗಿ, ಎರಡು ಸಲ ವಾಪಸ್ ಬಂದು, ಸೆರ್ವಾಳ ಬಟ್ಟೆಯ ಹಣಕ್ಕೆ ಎರಡನೇ ಹೊಲಿಗೆ ಯಂತ್ರಕ್ಕೆಂದು ತಾನು ಕೂಡಿಟ್ಟ ಆಸೆಯನ್ನೂ ಸೇರಿಸಿ ಕೊಟ್ಟ. ಹಳೇ ಟೈರುಗಳನ್ನು ಪೊಕು ಚೌಕಾಸಿಯಲ್ಲೇ ಸೇರಿಸಿಕೊಂಡ. ಪಕ್ಕದ ಚಪ್ಪಲಿ ಮಾಡುವವನು ಅಲ್ಲೇ ಕೂತು ಅವನ್ನು ಕತ್ತರಿಸತೊಡಗಿದ. ಬಡು ತಿರುಗಿಯೂ ನೋಡಲಿಲ್ಲ.

ತಪಾಸಣಾ ಕೇಂದ್ರದವರೆಗಿನ ದಾರಿಯಲ್ಲಿ ಅವನು ಗುಂಡಿ ಕಂಡಲ್ಲೆಲ್ಲ ಮಲಗಿದ ಮಗುವಿನ ಪಕ್ಕ ನಡೆಯುವಂತೆ ಕಾರು ಓಡಿಸಿದ. ಸರದಿಯಲ್ಲಿ ನಿಂತಾಗ ಜನ ಅವನ ಚಕ್ರಗಳನ್ನೇ ನೋಡುತ್ತಿದ್ದರು. ನೋಡಲಿ ಬಿಡು ಅಂತ ಬಡು ಮೊಣಕೈಯನ್ನು ಕಿಟಕಿಯ ಮೇಲಿಟ್ಟ.

ಒಬ್ಬ ಟ್ಯಾಕ್ಸಿಯವನು ಬಂದು ಮುಂದಿನ ಚಕ್ರವನ್ನು ಹಳೇ ಗೆಳೆಯನ ಬೆನ್ನು ತಟ್ಟಿದಂತೆ ತಟ್ಟಿದ. “ಓಹೋ, ಇವತ್ತು ನಿಮ್ಮ ಪಾಳಿನಾ?”

“ಹೂಂ, ಮುಂದಿನ ಪಾಳಿ ನಂದೇ,” ಅಂದ ಬಡು, ಸರದಿಯನ್ನು ತೋರಿಸಿ.

“ಪಾಸಾದ್ರೆ ಬೇಗ ಬಿಚ್ಚಿ ಅಣ್ಣ. ನಾನು ಮಧ್ಯಾಹ್ನಕ್ಕೆ ಕಾಯ್ತಿದ್ದೀನಿ.”

ಇವನಿಗೇನು ತಲೆ ಕೆಟ್ಟಿದೆಯಾ ಅಂದುಕೊಂಡು ಬಡು ಗಾಜು ಏರಿಸಿದ.

ತಪಾಸಣೆಯ ಅಧಿಕಾರಿ ಬೆದಿಯಾಕೊ ದೀಪ ನೋಡಿದ, ಹಾರ್ನ್ ಹೊಡೆಸಿದ, ಬ್ರೇಕ್ ಒತ್ತಿಸಿದ. ಎಲ್ಲ ಸರಿ. ಆಮೇಲೆ ಮುಂದಿನ ಚಕ್ರದ ಹತ್ತಿರ ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತ. ಮಾತಾಡಿದ್ದು ಬಡುವಿನ ಹತ್ತಿರ ಅಲ್ಲ, ಟೈರಿನ ಹತ್ತಿರ.

“ಮತ್ತೆ ಬಂದ್ಯಾ?”

“ಸಾರ್?” ಅಂದ ಬಡು.

“ನಿಮಗಲ್ಲ, ಇದಕ್ಕೆ. ಸೋಮವಾರ ಬಂದಿತ್ತು. ಮಂಗಳವಾರ ಎರಡು ಸಲ. ನೋಡ್ರೀ ಇಲ್ಲಿ, ರಿಮ್ಮಿನ ಒಳಗಡೆ ಗೀಟು. ನನ್ನ ಬೀಗದ ಕೈಯಿಂದ ನಾನೇ ಎಳೆದಿದ್ದು, ಗುರುತಿಗೆ. ಇನ್ನೊಂದು ಸಲ ಈ ಬಾಡಿಗೆ ಟೈರು ನನ್ನ ಅಂಗಳಕ್ಕೆ ಕಾಲಿಟ್ರೆ ಬಿಡಲ್ಲ ಅಂತ ಪೊಕುಗೆ ನಿನ್ನೇನೇ ಹೇಳಿ ಕಳಿಸಿದ್ದೆ.”

ಬಡು ಬಗ್ಗಿ ಚಕ್ರದ ಹತ್ತಿರ ಮುಖ ತಂದ. ಬಟ್ಟೆ ಹೊಸದು, ಗುಂಡಿ ಹಾಕುವ ಕಾಜಾ ಮಾತ್ರ ಸವೆದಿದೆ ಅಂದರೆ ಅದು ಬಾಡಿಗೆ ಕೋಟು ಅಂತ ಹೇಳಲು ದರ್ಜಿಗಿಂತ ಬೇರೆ ಯಾರು ಬೇಕಿತ್ತು? ಆ ಸವೆದ ತೂತುಗಳು ಕಣ್ಣ ಮುಂದೇ ಇದ್ದವು. ಅಕ್ಕರೆಯಂತೆ, ಅಕ್ಕರೆ!

“ಸಾರ್, ನಾನು ಇದನ್ನ ಕೊಂಡಿದ್ದೀನಿ! ಬಾಡಿಗೆ ಅಲ್ಲ! ರಸೀದಿ ಇದೆ!”

“ರಸೀದಿ ಎಲ್ಲರ ಹತ್ರಾನೂ ಇರುತ್ತೆ. ನನ್ನ ಮೇಜಿನ ಡ್ರಾಯರಲ್ಲಿ ಈ ನಾಲ್ಕು ಟೈರಿಗೆ ಹದಿನಾಲ್ಕು ಜನ ಮಾಲೀಕರಿದ್ದಾರೆ. ನೀವು ಹದಿನೈದನೆಯವರು.”

“ಹೆಂಡ್ತಿ ಬಟ್ಟೆ ದುಡ್ಡು ಸಾರ್ ಇದು! ನನ್ನ ಬೆವರು!”

“ಹದಿನಾಲ್ಕು ಜನಾನೂ ಹಿಂಗೇ ಕೂಗಿದ್ರು. ನಿಮ್ಮಷ್ಟು ಚೆನ್ನಾಗಿ ಯಾರೂ ಅಳಲಿಲ್ಲ, ಅದು ನಿಜ.” ಬೆದಿಯಾಕೊ ಕಾಗದದ ಮೇಲೆ ಅಡ್ಡಗೀಟು ಎಳೆದ. “ಹೋಗಿ, ನಿಮ್ಮ ಸ್ವಂತ ಟೈರು ಹಾಕ್ಕೊಂಡು ಬನ್ನಿ. ನಾಲ್ಕು ಗಂಟೆಗೆ ಬಾಗಿಲು ಹಾಕ್ತೀನಿ.”

ಸ್ವಂತ ಟೈರಿನ ಮೇಲೆ ನಿಂತವನಿಗೆ ಸ್ವಂತ ಟೈರು ಹಾಕಿಕೊಂಡು ಬಾ ಅಂದರೆ ಅವನು ಎಲ್ಲಿಗೆ ಹೋಗಬೇಕು? ಬಡು ಪೊಕುವಿನ ಅಂಗಡಿಗೆ ಹೋದ. ಗುಂಡಿಗಳನ್ನು ಈ ಸಲ ನೋಡಲಿಲ್ಲ.

“ಕಳ್ಳ! ಬೋರ್ಡ್ ಬದಲಾಯಿಸು ಮೊದಲು! ನನ್ನ ದುಡ್ಡು ಕೊಡು!”

ಪೊಕು ಅನ್ನ, ಮೀನು ಉಣ್ಣುತ್ತಿದ್ದವನು ಕೈ ನೆಕ್ಕಿಕೊಂಡು ನಿಧಾನಕ್ಕೆ ಎದ್ದ. “ಬೈಬೇಡಿ ಬಡಣ್ಣ. ನಾನು ಒಂದಾದ್ರೂ ಸುಳ್ಳು ಹೇಳಿದ್ನಾ? ನೂರು ಮೈಲಿ ಓಡಿಲ್ಲ ಅಂದೆ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ, ಅಷ್ಟೇ ಓಡಿರೋದು. ಒಳ್ಳೆ ಜನರ ಕೈಲಿತ್ತು ಅಂದೆ. ಅದರಲ್ಲಿ ಇಬ್ರು ಪಾದ್ರಿಗಳು. ಫೇಲ್ ಆಗಿಲ್ಲ ಅಂದೆ. ನಿಮ್ಮ ಕೈಲಿ ಆಗಿರೋದು ಮೊದಲು. ಮಾರೋಕಲ್ಲ ಅಂತ್ಲೂ ಹೇಳಿದ್ದೆ.”

“ಬೆದಿಯಾಕೊ ನಿನ್ನೆ ಹೇಳಿ ಕಳಿಸಿದ್ದು ಹೇಳಿದ್ಯಾ?”

“ನೀವು ಕೇಳಿದ್ರಾ?”

ಬಡು ಅಂಗಡಿಯೊಳಗೆ ಕಣ್ಣಾಡಿಸಿದ. ಹಣವಂತೂ ಆಗಲೇ ಹೋಗಿತ್ತು. ಎಲ್ಲಿಗೆ ಹೋಗಿತ್ತೆಂಬುದು ಬೆಂಚಿನ ಮೇಲೆ ಕೂತು ಹೊಳೆಯುತ್ತಿತ್ತು. ಅದೇ ಶುಭ್ರವಾದ ಬಟ್ಟೆಯ ಅಡಿಯಲ್ಲಿ, ಇನ್ನೂ ಚಂದದ, ಇನ್ನೂ ಕಪ್ಪನೆಯ ಹೊಸ ನಾಲ್ಕು.

“ಇವುಗಳ ಮುಖ ಬೆದಿಯಾಕೊ ಇನ್ನೂ ನೋಡಿಲ್ಲ,” ಅಂದ ಪೊಕು ಮೆಲ್ಲಗೆ. “ಗಂಟೆ ಎರಡಾಯ್ತು. ನಾಳೆ ಮಣ್ಣು ಅಂದ್ರಿ. ನಿಮಗೆ ಬಾಡಿಗೇಲಿ ಅರ್ಧ ಸಾಕು. ನೀವೀಗ ಮನೆಯವರಿದ್ದ ಹಾಗೆ.”

ಬಡು ಹೊಸ ಟೈರಿನ ಅಂಚನ್ನು ತಿಕ್ಕಿ ನೋಡಿದ. ಅತ್ತೆ ಕಣ್ಣ ಮುಂದೆ ಬಂದಳು. ಮೇಕೆಯೂ ಬಂತು. “ಹಾಕು,” ಅಂದ, ಹಲ್ಲು ಕಚ್ಚಿ. “ನನ್ನವನ್ನ ಹುಷಾರಾಗಿ ಇಡು. ಯಾರೂ ಮುಟ್ಟಬಾರದು.”

ಮೂರು ಗಂಟೆಗೆ ಬೆದಿಯಾಕೊ ಹೊಸ ಟೈರುಗಳ ಸುತ್ತ ಒಂದು ಸುತ್ತು ಹಾಕಿ ತಲೆದೂಗಿದ. “ಇವು ನಿಮ್ಮವೇ ತಾನೆ?”

ನಿಜ ಹೇಳಿದಾಗ ನಂಬದವನು ಈಗ ಕೇಳುತ್ತಿದ್ದ. ಬಡು ರಸೀದಿಯನ್ನು ಜೇಬಿನೊಳಕ್ಕೆ ತಳ್ಳಿದ. “ಹೌದು ಸಾರ್. ನನ್ನವೇ.”

“ನೋಡಿ, ಇದು ಮರ್ಯಾದಸ್ಥರ ಲಕ್ಷಣ. ಬೆಳಿಗ್ಗೇನೇ ಹಿಂಗೆ ಬಂದಿದ್ರೆ ಏನಾಗ್ತಿತ್ತು?” ಅಂತ ಬುದ್ಧಿ ಹೇಳಿ ಸ್ಟಿಕರ್ ಅಂಟಿಸಿದ.

ಸಿಟ್ಟಿಗೆ ಕಿವಿಯಲ್ಲಿ ಸೀಟಿ ಹೊಡೆಯುತ್ತಿತ್ತು. ಆದರೂ ಸ್ಟಿಕರ್ ಗಾಜಿನ ಮೇಲಿತ್ತಲ್ಲ! ಬಡು ಅಂಗಡಿಗೆ ವಾಪಸ್ ಬರುವಷ್ಟರಲ್ಲಿ ಬೆಳಗಿನ ಟ್ಯಾಕ್ಸಿಯವನು ಅಲ್ಲಿ ಕಾಯುತ್ತಿದ್ದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಾರಿನ ಕೆಳಗೆ ನಾಲ್ಕು ಕಲ್ಲು ಬಂದವು, ಬಾಡಿಗೆ ಟೈರುಗಳು ಟ್ಯಾಕ್ಸಿಗೇರಿ ಹೊರಟೇಹೋದವು.

“ಈಗ ನನ್ನವು ತಾ,” ಅಂದ ಬಡು.

ಪೊಕು ತಲೆ ಕೆರೆದುಕೊಂಡ. “ಇನ್ನೊಂದರ್ಧ ಗಂಟೆ ತಾಳಿ ಅಣ್ಣ. ಈ ಕಡೆ ನೀವು ಹೋದ್ರಿ, ಆ ಕಡೆ ಒಬ್ಬರು ಹಳೇ ಗಿರಾಕಿ ಬಂದ್ರು. ವರ್ಷಾವರ್ಷ ಅದನ್ನೇ ಹಾಕೋರು. ಬೇರೆ ಒಗ್ಗಲ್ಲ ಅವರಿಗೆ. ಸುಮ್ನೆ ಬಿದ್ದಿತ್ತಲ್ಲ...”

“ನನ್ನ ಟೈರನ್ನ ಬಾಡಿಗೆಗೆ ಕೊಟ್ಯಾ!”

“ನಿಮಗೂ ಪಾಲಿದೆ ಬಿಡಿ.”

ಬಡು ಕೈಗೆ ಜಾಕಿನ ಹಿಡಿ ಎತ್ತಿಕೊಂಡ. ಅದೇ ಹೊತ್ತಿಗೆ, ಬೆಳ್ಳಿಯ ಚಕ್ರಗಳನ್ನು ಮಿರಮಿರ ಮಿಂಚಿಸುತ್ತಾ ಒಂದು ಪುಟ್ಟ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಗಾಜಿನ ಮೇಲೆ ಹೊಸ ಸ್ಟಿಕರ್. ಒಳಗಿಂದ ಇಳಿದವರು ಹಿರಿಯ ಅಸಿಯಾಮ.

ಜಾಕಿನ ಹಿಡಿ ಬಡುವಿನ ಕೈಯಿಂದ ಜಾರಿತು. “ಹಿರಿಯರೇ, ನೀವು! ಬೆಳಿಗ್ಗೆ ಪಾಪ ಅಂದ್ರಿ!”

“ಬಾಡಿಗೆ ಪಾಪವೇ ಮಗನೇ. ನಾನೆಲ್ಲಿ ಬಾಡಿಗೆಗೆ ತಗೊಂಡೆ? ಇವು ನಿನ್ನವು ಅಂತ ಪೊಕು ಹೇಳಿದ. ನೆರೆಯವನ ಹತ್ರ ತಗೊಂಡ್ರೆ ಅದು ಎರವಲು. ಪೊಕುಗೆ ಕೊಟ್ಟಿದ್ದು ಬಿಗಿಸಿದ ಕೂಲಿ.” ಅಸಿಯಾಮರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಬೆದಿಯಾಕೊಗೂ ಮುಚ್ಚುಮರೆ ಇಲ್ಲದೆ ಹೇಳಿದೆ. ಇವು ನನ್ನವಲ್ಲಪ್ಪ, ದರ್ಜಿ ಬಡುವಿನವು, ನನ್ನ ಕಣ್ಣೆದುರೇ ಸ್ವಂತದ್ದು ಕೊಳ್ತೀನಿ ಅಂತ ಹೊರಟ ಹುಡುಗ ಅಂತ. ಬೆದಿಯಾಕೊ ನಮ್ಮ ಚರ್ಚಿನ ಹಾಡಿನ ತಂಡದಲ್ಲೇ ಇರೋದು. ತುಂಬ ಸಂತೋಷಪಟ್ಟ. ಎರವಲು ತಗೋಬಾರದು ಅಂತ ಕಾನೂನಿಲ್ಲ, ಇಷ್ಟು ಪ್ರಾಮಾಣಿಕರನ್ನ ಈ ಅಂಗಳದಲ್ಲಿ ನಾನು ನೋಡೇ ಇಲ್ಲ ಅಂದ.”

“ಹಾಗಾದ್ರೆ ಇವು ನನ್ನವೇ ಅಂತ ಅವನು ಒಪ್ಪಿಕೊಂಡನಾ?”

“ಪೂರ್ತಿ ಒಪ್ಪಿಕೊಂಡ.” ಹಿರಿಯರು ಜೇಬಿನಿಂದ ಒಂದು ಬ್ಲೇಡು ತೆಗೆದರು. ಮುಖದಲ್ಲಿ ಮರುಕವಿತ್ತು. “ಅದೇ ಈಗ ತೊಂದರೆ ಆಗಿರೋದು. ಇವು ನಿನ್ನವಾದ್ರೆ ಮೂರು ಗಂಟೆಗೆ ಹಾಕ್ಕೊಂಡು ಬಂದಿದ್ದು ಯಾರದು ಅಂತ ಕೇಳಿದ. ನಾನು ಸುಳ್ಳು ಹೇಳೋನಲ್ಲವಲ್ಲ. ಸ್ಟಿಕರ್ ಕಿತ್ತು ಸೋಮವಾರ ತಂದುಕೊಡಿ ಅಂತ ನನಗೇ ಹೇಳಿದ್ದಾನೆ. ಸರಿ ಮಗನೇ, ಸ್ವಲ್ಪ ಪಕ್ಕಕ್ಕೆ.”

ಬ್ಲೇಡು ಗಾಜಿನ ಮೇಲೆ ಕಿರ್ ಎಂದಿತು. ಒಂದು ಗಂಟೆಯೂ ಬಾಳದ ಸ್ಟಿಕರ್ ಹಾವಿನ ಪೊರೆಯಂತೆ ಸುರುಳಿ ಸುತ್ತಿಕೊಂಡು ಬಂತು.

“ಬಿಚ್ಚಿ!” ಬಡು ಅಬ್ಬರಿಸಿದ. “ನನ್ನ ಟೈರು ಬಿಚ್ಚಿ! ಈಗಲೇ!”

“ಬಿಚ್ಚಿದ್ರೆ ನಿನ್ನತ್ತೆ ಹೇಗೆ ಹೋಗ್ತಾರೆ?” ಅಂದರು ಹಿರಿಯರು ಶಾಂತವಾಗಿ. “ನಿನ್ನ ಕಾರಿಗೆ ಸ್ಟಿಕರ್ ಇಲ್ಲ. ನನ್ನ ಕಾರಿಗಿದೆ, ಟೈರಿಲ್ಲ. ಆಗಲೇ ಸೆರ್ವಾಗೆ ಫೋನ್ ಮಾಡಿದ್ದೀನಿ. ನಾಳೆ ಅವರನ್ನ ನಾನೇ ಕರ್ಕೊಂಡು ಹೋಗ್ತೀನಿ. ಮುಂದಿನ ಸೀಟಲ್ಲಿ ಅವರು, ಹಿಂದೆ ಸೆರ್ವಾ ಮತ್ತೆ ಚರ್ಚಿನ ಇಬ್ಬರು ಹೆಂಗಸರು. ನಿನಗೊಬ್ಬನಿಗೆ ಜಾಗ ಸಾಲದು. ಟ್ರೋಟ್ರೋ ಇದೆಯಲ್ಲ.”

ಬಡು ಪೊಕುವಿನ ಕಡೆ ನೋಡಿದ. ಪೊಕು ಆಕಾಶ ನೋಡಿದ. ಆ ಕಡೆ ಚಪ್ಪಲಿಯವನು ಅವನ ಹಳೇ ಟೈರಿನ ಕೊನೆಯ ತುಂಡಿಗೆ ಮೊಳೆ ಹೊಡೆಯುತ್ತಿದ್ದ. ಹಿರಿಯರು ಕಾರು ಹತ್ತಿ ಹೊರಟರು. ನಾಲ್ಕು ಬೆಳ್ಳಿ ಚಕ್ರಗಳು ಕೆಂಪು ಧೂಳಿನಲ್ಲಿ ತಿರುಗುತ್ತಾ ದೂರವಾದವು. ಒಂದೂ ಗುಂಡಿಗೆ ಬೀಳಲಿಲ್ಲ.

ಬಡು ನಾಲ್ಕು ಕಲ್ಲಿನ ಮೇಲೆ ನಿಂತ ತನ್ನ ಕಾರಿಗೆ ಒರಗಿ ಕೂತ. ತಲೆಯ ಮೇಲೆ ‘ತಾಳ್ಮೆ’ ಎಂದಿತ್ತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅತ್ತೆ.

“ಅಳಿಯಂದ್ರೇ, ಸೆರ್ವಾ ಎಲ್ಲಾ ಹೇಳಿದ್ಲು. ನಿಮ್ಮ ಕಾರು ಬೇಡ ಬಿಡಿ. ಹಿರಿಯರು ನೋಡಿ ಎಂಥ ಮನುಷ್ಯರು! ಅವರ ಕಾರಿಗೆ ಎಂಥ ಚಕ್ರ ಹಾಕಿಸಿದ್ದಾರಂತೆ, ಬೆಳ್ಳಿ ಥರ ಹೊಳೀತವಂತೆ. ನಿಮಗೆ ಅಂಥವು ಕೊಳ್ಳೋ ಯೋಗ್ಯತೆ ಇಲ್ಲ ಅಂತ ನಾನು ಬೇಜಾರು ಮಾಡ್ಕೊಳ್ಳಲ್ಲ.” ಅತ್ತೆಯ ದನಿ ಒಂಚೂರು ಮೆದುವಾಯಿತು. “ಅವರ ಹತ್ರ ಸ್ವಲ್ಪ ವಿನಯವಾಗಿರಿ. ಹಳೇದಾದ ಮೇಲೆ ನಿಮಗೇ ಕೊಟ್ರೂ ಕೊಡಬಹುದು.”